ಬಾಗಿಲಲ್ಲಿ ನಿಲ್ಲುವವರು

ಅಪಾಯವನ್ನು ಹುಡುಕಿಕೊಂಡು ಹೋಗುವವರು ಬೇರೆ, ಅಪಾಯದ ದಾರಿಯಲ್ಲೇ ದಿನವೂ ಹೋಗಬೇಕಾದವರು ಬೇರೆ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವ ನನಗೆ ಇವರ ನಡುವಿನ ಗೆರೆ ಮಸುಕಾಗಿಯೇ ಕಾಣುತ್ತದೆ.

ರೋಮಾಂಚನದ ಹಂಬಲವನ್ನು ಅಳೆಯುವ ಮಾಪನವೊಂದನ್ನು ಅಮೆರಿಕದ ಮನೋವಿಜ್ಞಾನಿ ಮಾರ್ವಿನ್ ಝುಕರ್‌ಮನ್ 1960ರ ದಶಕದಲ್ಲಿ ರೂಪಿಸಿದರು. ಅವರ ಪ್ರಕಾರ ಇಂಥವರು ಬಯಸುವುದು ಅಪಾಯವನ್ನಲ್ಲ, ಹೊಸ, ತೀವ್ರ ಅನುಭವವನ್ನು. ಅಪಾಯ ಅದಕ್ಕೆ ತೆರುವ ಬೆಲೆ. ಕಂಬ ಹತ್ತಿರವಾದಾಗ ಮೈ ಹೊರಚಾಚುವ ಹುಡುಗನಿಗೆ ಈ ಮಾತು ಒಪ್ಪುತ್ತದೆ. ಆದರೆ ಅವನ ಪಕ್ಕದಲ್ಲೇ, ಒಳಗೆ ಜಾಗವಿಲ್ಲದೆ, ಊಟದ ಡಬ್ಬಿಯ ಚೀಲ ಎದೆಗವಚಿಕೊಂಡು ನೇತಾಡುವವನಿಗೆ? ಅವನಿಗೆ ಬೇಕಾದದ್ದು ರೋಮಾಂಚನವಲ್ಲ, ಆಫೀಸಿನ ಹಾಜರಿ. ಎಚ್ಚರಿಸಿದ ಮೇಲೂ ಮೆಟ್ಟಿಲ ಮೇಲೆ ಪ್ರಯಾಣಿಸಿದರೆ 1989ರ ರೈಲ್ವೆ ಕಾಯ್ದೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಹಾಗೆಂದು ಎಲ್ಲವನ್ನೂ ಗರ್ದಿಯ ತಲೆಗೆ ಕಟ್ಟಲಾಗದು. ಮಧ್ಯಾಹ್ನ ಸೀಟು ಖಾಲಿಯಿದ್ದರೂ ನಮ್ಮಲ್ಲಿ ಕೆಲವರು ಬಾಗಿಲಿಗೇ ಹೋಗುತ್ತೇವೆ. ಗಾಳಿ ಬೇಕು, ಖಾಡಿ ಕಾಣಬೇಕು. ನಿನ್ನೆ ಏನೂ ಆಗಲಿಲ್ಲ ಎಂಬುದೇ ಇವತ್ತಿನ ಧೈರ್ಯ.

ನನ್ನ ಜೀವ, ನನ್ನ ಜೂಜು ಎನ್ನುವವರಿದ್ದಾರೆ. 2025ರ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ, ಎದುರುಬದುರಾಗಿ ಹಾದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಅವರು ಜೂಜಾಡಲು ಹೊರಟವರಲ್ಲ. ಅಂಥ ತಿರುವಿನಲ್ಲಿ ಮೋಜಿಗಾಗಿ ಹೊರಚಾಚಿದ ಒಂದು ಚೀಲ, ಎದುರಿನ ರೈಲಿನಲ್ಲಿ ಬೇರೆ ದಾರಿಯಿಲ್ಲದೆ ನೇತಾಡುವ ಅಪರಿಚಿತನ ಜೀವವನ್ನೂ ಪಣಕ್ಕಿಡುತ್ತದೆ.

ಹೆಚ್ಚು ರೈಲು ಕೇಳುವುದು ನಮ್ಮ ಹಕ್ಕು. ಜಾಗವಿದ್ದಾಗ ಒಳಗೆ ಸರಿಯುವುದು ನಮ್ಮ ಹೊಣೆ.