ನೀರೆರೆಯುವ ಕೈ

ಜಗಳೂರಿನ ಬಯಲಿಂದ ಪಾಪಸುಕಳ್ಳಿಯ ಒಂದು ಎಲೆಯನ್ನು (ಎಲೆಯೆನ್ನುವುದು ರೂಢಿ, ಅದು ಕಾಂಡ, ಎಲೆಗಳೇ ಮುಳ್ಳಾಗಿವೆ) ತಂದು ಚನ್ನಗಿರಿಯ ಅಡಕೆ ತೋಟದ ಮಗ್ಗುಲಲ್ಲಿ ಊರಿದರೆ ಬದುಕೀತೆ? ಬೇರಿನಲ್ಲಿ ನೀರು ನಿಲ್ಲದಿದ್ದರೆ ಬದುಕೀತು. ಮಣ್ಣಿಗೆ ಮರಳು, ಕಲ್ಲುಚೂರು ಬೆರೆಸಬೇಕು. ಮಳೆಗಾಲದಲ್ಲಿ ಮೇಲೊಂದು ಮರೆ ಬೇಕು. ನೀರು ಆರಿಹೋಗದಿರಲೆಂದು ಹಗಲೆಲ್ಲ ಉಸಿರು ಬಿಗಿಹಿಡಿದು, ರಾತ್ರಿಯಲ್ಲಷ್ಟೇ ತನ್ನ ಸೂಕ್ಷ್ಮರಂಧ್ರಗಳನ್ನು ತೆರೆಯುವ ಗಿಡ ಅದು. ನಾವೋ, ಅಡಕೆಗೆ ಎರೆದಂತೆಯೇ ಅದಕ್ಕೂ ಅಕ್ಕರೆಯಿಂದ ಎರೆಯುತ್ತೇವೆ. ಬೇರು ಕೊಳೆಯುತ್ತದೆ.

ನಮ್ಮ ಬಾಯಾರಿಕೆಯ ಅಳತೆಯಿಂದ ಇನ್ನೊಂದು ಜೀವದ ಬಾಯಾರಿಕೆಯನ್ನು ಅಳೆಯುವುದನ್ನು ಪ್ರೀತಿ ಎನ್ನಬಹುದೆ? ಉದ್ದೇಶ ಒಳ್ಳೆಯದಲ್ಲವೆ ಎನ್ನುವಿರಿ. ಒಳ್ಳೆಯದೇ. ಆದರೆ ಗಿಡಕ್ಕೆ ತಲುಪುವುದು ಉದ್ದೇಶವಲ್ಲ, ನೀರು.

ಕಳ್ಳಿಗೆ ಇಷ್ಟೊಂದು ಮರುಕವೇಕೆ ಎಂದು ಕೇಳುವವರೂ ಇದ್ದಾರೆ. ಪಾಪಸುಕಳ್ಳಿಯ ಕುಲವೇ ಅಮೆರಿಕದ್ದು. ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕುವ ಆಸೆಯಿಂದ ಕುಂಪಣಿಯವರು ಅದನ್ನು ಇಲ್ಲಿ ಬೆಳೆಸಿದರು. ಅದು ಹೊಲ, ಗೋಮಾಳಗಳನ್ನು ನುಂಗತೊಡಗಿತು. 1926ರಲ್ಲಿ ಸಿಂಹಳದಿಂದ ಅಂಥದೇ ಇನ್ನೊಂದು ಹುಳುವನ್ನು ತರಿಸಿ ದಕ್ಷಿಣ ಭಾರತದಲ್ಲಿ ಬಿಟ್ಟಾಗ ಅದು ಕಳ್ಳಿಯ ಮೆಳೆಗಳನ್ನೇ ತಿಂದು ತೆಗೆಯಿತು. ರೈತನ ಪಾಲಿಗೆ ಅದು ನ್ಯಾಯವೇ ಸರಿ. ಆದರೆ ಬೇಲಿಯ ಕಳ್ಳಿಗೆ ಬಯಲಿದೆ, ಬಂಡೆಯಿದೆ. ಕುಂಡದ ಕಳ್ಳಿಗೆ ಇಟ್ಟವನಲ್ಲದೆ ಬೇರೆ ಗತಿಯಿಲ್ಲ. ಅದರ ಊರು ಯಾವುದೆಂದು ಕೇಳುವ ಹಕ್ಕು ಅವನಿಗೆ ಉಳಿದಿರುವುದಿಲ್ಲ. ಹೊನ್ನಾಳಿಯ ಹೊಳೆದಂಡೆಯಲ್ಲಾಗಲಿ ನ್ಯಾಮತಿಯಲ್ಲಾಗಲಿ ಕುಂಡವಿಟ್ಟವರು ತಂಬಿಗೆ ಎತ್ತುವ ಮುನ್ನ ಮಣ್ಣಿಗೆ ಬೆರಳಿಟ್ಟು ನೋಡಲಿ. ಆಳದವರೆಗೂ ಒಣಗಿದ್ದರೆ ಎರೆಯಲಿ. ಶ್ರಾವಣದ ಜಡಿಮಳೆಯಲ್ಲಿ ಅದೂ ಬೇಡ.