ಮೂಗಿನ ತುದಿಯ ಸುಣ್ಣ

ಚೀನಾದಲ್ಲಿ ಹಳೆಯ ಮರ್ಯಾದೆ ಬಲ್ಲ ಲೇಖಕರು ತಮ್ಮ ಪುಸ್ತಕವನ್ನು ಹಿರಿಯರ ಕೈಗಿಡುವಾಗ, ಒಳಪುಟದಲ್ಲಿ ಅವರ ಹೆಸರು ಬರೆದು ಎರಡಕ್ಷರ ಸೇರಿಸುವುದುಂಟು: ಫೂ-ಜೆಂಗ್. ಫೂ ಎಂದರೆ ಕೊಡಲಿ, ಜೆಂಗ್ ಎಂದರೆ ನೆಟ್ಟಗಾಗಿಸುವುದು. ‘ಕೊಡಲಿ ಬೀಸಿ ತಿದ್ದಿಕೊಡಿ’ ಎಂಬ ಬಿನ್ನಹ. ನಾವಾದರೆ ‘ವಿಶ್ವಾಸಪೂರ್ವಕ’ ಎಂದು ಬರೆದು ಸಹಿ ಹಾಕಿ, ತಿದ್ದುವ ಮಾತೇ ಏಳದಂತೆ ನೋಡಿಕೊಳ್ಳುತ್ತೇವೆ!

ಫೂ-ಜೆಂಗ್ ಸಂತೆ ಬೀದಿಯ ಮಾತಲ್ಲ, ಬರವಣಿಗೆಯದು. ಬಳಸುವುದಕ್ಕೂ ಕಟ್ಟಳೆಯಿದೆ. ಬರೆದವನು ತನ್ನ ಬರಹದ ಬಗ್ಗೆ ಮಾತ್ರ ಹೀಗೆ ಕೇಳಿಕೊಳ್ಳಬೇಕು. ‘ನಿಮ್ಮ ಲೇಖನವನ್ನು ನಾನು ಫೂ-ಜೆಂಗ್ ಮಾಡಿದ್ದೇನೆ’ ಎಂದು ಸಂಪಾದಕರೇನಾದರೂ ಹೇಳಿದರೆ, ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಂತೆ.

ಯಾಕೆಂದರೆ ಆ ಕೊಡಲಿ ಅಂತಿಂಥವರದಲ್ಲ. ‘ಜುವಾಂಗ್‌ಜಿ’ ಎಂಬ ಪ್ರಾಚೀನ ಗ್ರಂಥದಲ್ಲಿ ಅದರ ಕಥೆಯಿದೆ. ಯಿಂಗ್ ಊರಿನವನೊಬ್ಬನ ಮೂಗಿನ ತುದಿಗೆ ಸುಣ್ಣ ಅಂಟಿತು, ನೊಣದ ರೆಕ್ಕೆಯಷ್ಟು ತೆಳ್ಳಗೆ. ಕೈಯಲ್ಲಿ ಒರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ಅವನು ಬಡಗಿ ಶಿಯನ್ನು ಕರೆದ. ಬಡಗಿ ಗಾಳಿ ಸುಯ್ಯೆನ್ನುವಂತೆ ಕೊಡಲಿ ಬೀಸಿದ. ಸುಣ್ಣವೆಲ್ಲ ಹೋಯಿತು, ಮೂಗಿಗೆ ಗೀರೂ ಇಲ್ಲ. ನಿಂತವನ ಮುಖದ ಬಣ್ಣವೂ ಬದಲಾಗಲಿಲ್ಲ. ಸುದ್ದಿ ಕೇಳಿದ ಸಾಂಗ್ ರಾಜ್ಯದ ದೊರೆ ಯುವಾನ್, ತನಗೂ ಅದನ್ನು ಮಾಡಿ ತೋರಿಸೆಂದ. ಬಡಗಿ ಒಪ್ಪಲಿಲ್ಲ. ಹಿಂದೆ ಮಾಡುತ್ತಿದ್ದುದು ನಿಜ, ಆದರೆ ಎದುರು ನಿಲ್ಲುತ್ತಿದ್ದವನು ಸತ್ತು ಬಹಳ ಕಾಲವಾಯಿತು ಎಂದ.

ಆ ಗ್ರಂಥಕ್ಕೆ ತನ್ನ ಹೆಸರನ್ನೇ ಕೊಟ್ಟ ಚಿಂತಕ ಜುವಾಂಗ್‌ಜಿ ಈ ಕಥೆ ಹೇಳಿದ್ದು ತನ್ನ ಹಳೆಯ ವಾದದ ಗೆಳೆಯ ಹುಯಿಜಿಯ ಸಮಾಧಿಯ ಮುಂದೆ. ಬದುಕಿದ್ದಾಗ ಇಬ್ಬರಿಗೂ ಒಂದು ಮಾತಿನಲ್ಲೂ ಹೊಂದುತ್ತಿರಲಿಲ್ಲ. ಅವನು ಹೋದ ಮೇಲೆ ಮಾತಾಡಲು ಯಾರೂ ಉಳಿಯಲಿಲ್ಲ ಎಂಬ ಕೊರಗು.

ಬಹಳ ಹಿಂದೆ ನನ್ನದೊಂದು ಪ್ರಬಂಧವನ್ನು ‘ನಿಷ್ಠುರವಾಗಿ ತಿದ್ದಿ’ ಎಂದು ಹಿರಿಯರೊಬ್ಬರಿಗೆ ಕೊಟ್ಟಿದ್ದೆ. ಅವರು ಕೆಂಪು ಶಾಯಿಯಲ್ಲಿ ಮೊದಲ ಮೂರು ಪ್ಯಾರಾಗಳನ್ನು ಪೂರ್ತಿ ಹೊಡೆದುಹಾಕಿದ್ದರು. ಎಂಟು ದಿನ ಅವರ ಬೀದಿಯಲ್ಲಿ ಹಾಯಲಿಲ್ಲ ನಾನು. ಕೊಡಲಿ ಸರಿಯಾಗಿಯೇ ಬಿದ್ದಿತ್ತು, ಮೂಗು ಹಿಂದೆ ಸರಿದಿತ್ತು.

ಫೂ-ಜೆಂಗ್ ಎಂಬಲ್ಲಿ ಬಡಗಿಯ ಕೊಡಲಿಯಷ್ಟೇ ಇದೆ, ಅಲುಗಾಡದೆ ನಿಂತವನ ಸುಳಿವಿಲ್ಲ. ಕಥೆಯೂ ಅವನ ಹೆಸರು ಹೇಳುವುದಿಲ್ಲ. ಆದರೆ ಚೀನೀ ಭಾಷೆಯಲ್ಲಿ ಇದೇ ಬಿನ್ನಹಕ್ಕೆ ಇನ್ನೂ ಅಪರೂಪದ ಪದವೊಂದಿದೆ: ಯಿಂಗ್-ಜೆಂಗ್. ಅದರಲ್ಲಿ ಕೊಡಲಿಯಿಲ್ಲ. ಇರುವುದು ಅವನ ಊರು.