ಹಕ್ಕಿಯ ಪಾಲು

ಕಲಬುರಗಿಯ ಶರಣಬಸವೇಶ್ವರರನ್ನು ಕುರಿತು ಆ ಸೀಮೆಯ ಜನ ಇಂದಿಗೂ ಹೇಳುವ ಕಥೆಯೊಂದುಂಟು. ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾಗ, ತೆನೆ ತುಂಬಿ ನಿಂತ ಹೊಲಕ್ಕೆ ಬಂದೆರಗಿದ ಹಕ್ಕಿಗಳನ್ನು ಅವರು ಓಡಿಸಲಿಲ್ಲವಂತೆ. ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇರಿಸಿದರಂತೆ. ಆದರೂ ಸುಗ್ಗಿಯಲ್ಲಿ ರಾಶಿಗೆ ಕೊರತೆಯಾಗಲಿಲ್ಲವೆಂದು ಕಥೆ ಮುಗಿಯುತ್ತದೆ. ಆ ಕೊನೆಯ ಮಾತನ್ನು ನಂಬುವವರು ನಂಬಲಿ, ನಾನು ಅದರ ತಂಟೆಗೆ ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಮೊದಲನೆಯ ಮಾತು. 1822ರಲ್ಲಿ ಶರಣರು ಲಿಂಗೈಕ್ಯರಾದಾಗ ಡಾರ್ವಿನ್ ಇನ್ನೂ ಹದಿಮೂರು ವರ್ಷದ ಹುಡುಗ. ಹಕ್ಕಿಯೂ ಮನುಷ್ಯನೂ ಒಂದೇ ವಂಶದ ಕವಲುಗಳೆಂಬುದಕ್ಕೆ ಇಂದು ನಮ್ಮ ಕೈಯಲ್ಲಿರುವ ಸಾಕ್ಷ್ಯದ ಒಂದೆಳೆಯೂ ಅವರಿಗೆ ದೊರೆತಿರಲಿಲ್ಲ. ಆದರೂ ಹಕ್ಕಿಗೆ ಪಾಲುಂಟೆಂದು ಬಗೆದರು. ಹಾಗಾದರೆ, ನೆಂಟಸ್ತಿಕೆ ಈಗ ರುಜುವಾತಾಗಿರುವುದರಿಂದ ನಮಗೆ ಬಂದ ಲಾಭವೇನು? ನಮ್ಮ ನಡತೆಯಲ್ಲಿ ಏನಾದರೂ ಬದಲಾಗಬೇಕೆ?

ಮೊದಲು ಸಾಕ್ಷ್ಯದ ವಿಚಾರ. ಮಂಗ ಮನುಷ್ಯನಾದುದನ್ನು ಕಂಡವರಾರೆಂದು 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರು ಆಕ್ಷೇಪಿಸಿದ್ದುಂಟು; ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದಕ್ಕೆ ಉತ್ತರ ಕೊಟ್ಟವು. ಇಂದಿನ ಮಂಗ ನಮಗೆ ಅಜ್ಜನಲ್ಲ, ದಾಯಾದಿ; ಇಬ್ಬರಿಗೂ ಮೂಲಪುರುಷ ಬೇರೊಬ್ಬನಿದ್ದ. ಇನ್ನು ಕಣ್ಣಾರೆ ಕಾಣದುದನ್ನು ನಂಬುವುದು ಹೇಗೆಂಬ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಸಾಹಿತ್ಯದ ಅಂಗಳದಲ್ಲೇ ಇದೆ. ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ ಕೂಡಿಸಿದರಷ್ಟೆ. ಹೀಗೆ ಒಂದೇ ಗ್ರಂಥದ ಹತ್ತು ಪ್ರತಿಗಳು ಸಿಕ್ಕಾಗ ಯಾವುದು ಯಾವುದರ ಮಗಳೆಂದು ಸಂಪಾದಕ ಹೇಗೆ ಕಂಡುಹಿಡಿಯುತ್ತಾನೆ? ಶುದ್ಧಪಾಠದಿಂದಲ್ಲ, ತಪ್ಪುಗಳಿಂದ! ಎರಡು ಓಲೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಸಾಲು ಹಾರಿಹೋಗಿದ್ದರೆ, ಅವೆರಡೂ ಆ ಸಾಲನ್ನು ಮೊದಲೇ ಕಳೆದುಕೊಂಡಿದ್ದ ಒಂದು ಮಾತೃಪ್ರತಿಯಿಂದ ಇಳಿದವೆಂದು ತೀರ್ಮಾನಿಸುತ್ತಾನೆ. ಲಿಪಿಕಾರನು ತೂಕಡಿಸುತ್ತ ಬರೆದುದನ್ನು ಅವನೇನೂ ಕಂಡಿಲ್ಲ.

ಜೀವಿಗಳ ಮೈಯಲ್ಲಿಯೂ ಇಂಥ ಓಲೆಗಳಿವೆ. ಆಡು, ಆಕಳು, ನಾಯಿ ಇವು ‘ಸಿ’ ಜೀವಸತ್ವವನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆಗದು, ಅವನಿಗೆ ನೆಲ್ಲಿಕಾಯಿಯೋ ನಿಂಬೆಯೋ ಬೇಕು. ಆದರೆ ಅದನ್ನು ತಯಾರಿಸುವ ವಂಶವಾಹಿ ನಮ್ಮಲ್ಲಿ ಇಲ್ಲವೆಂದಲ್ಲ, ಇದೆ, ಕೆಟ್ಟು ಬಿದ್ದಿದೆ. ಮಂಗನಲ್ಲಿಯೂ ಅದು ಕೆಟ್ಟಿದೆ, ನಮ್ಮಲ್ಲಿ ಕೆಟ್ಟ ರೀತಿಯಲ್ಲೇ. ಗಿನಿಪಿಗ್ಗಿಗೂ ಆ ಶಕ್ತಿ ತಪ್ಪಿದೆ. ಆದರೆ ಅದರ ಓಲೆಯ ತಪ್ಪು ಬೇರೆ, ಅದನ್ನು ಬೇರೊಬ್ಬ ಲಿಪಿಕಾರ ಮಾಡಿದ. ಹಕ್ಕಿಯ ವಿಷಯ ಇನ್ನೂ ಸೋಜಿಗದ್ದು. ಕೋಳಿಯ ಮೊಟ್ಟೆಯೊಳಗಿನ ಹಳದಿ ಭಂಡಾರಕ್ಕೆ ಬೇಕಾದ ವಂಶವಾಹಿಗಳ ಮುರುಕು ತುಂಡುಗಳು ಮನುಷ್ಯನಲ್ಲಿಯೂ ಉಳಿದಿವೆಯೆಂದು 2008ರಲ್ಲಿ ಪ್ರಕಟವಾಯಿತು. ಕೋಳಿಯಲ್ಲಿ ಅವುಗಳ ನೆರೆಹೊರೆ ಯಾವುದೋ, ನಮ್ಮಲ್ಲಿ ಆ ತುಂಡುಗಳ ನೆರೆಹೊರೆಯೂ ಅದೇ. ಮೊಟ್ಟೆಯಿಡದ ನಮಗೆ ಅದರಿಂದ ಪ್ರಯೋಜನವಿಲ್ಲ. ಸುಮಾರು 32 ಕೋಟಿ ವರ್ಷಗಳ ಹಿಂದೆ ಹಕ್ಕಿಯ ಮನೆತನವೂ ನಮ್ಮದೂ ಬೇರೆಯಾದಾಗ ಹಳೆಯ ಮನೆಯಿಂದ ಹೊತ್ತು ತಂದ ಒಡಕು ಪಾತ್ರೆ ಅದು.

ಕಲಬುರಗಿಯವರಿಗೆ ಮತ್ತೊಂದು ಸಾಕ್ಷ್ಯ ಕಾಲ ಕೆಳಗೇ ಇದೆ. ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲಿನಲ್ಲಿ ಎಲುಬಿಲ್ಲ, ಚಿಪ್ಪಿಲ್ಲ. ಅವು ಲೋಕಕ್ಕೆ ಬರುವ ಮೊದಲೇ ಕೆಸರಾಗಿ ಕೂತ ಕಲ್ಲು ಅದು. ಭೀಮಾ ಸೀಮೆಯ ಆ ಶಿಲಾವರ್ಗದಲ್ಲಿ ಸಿಕ್ಕಿರುವುದು ‘ಚುವಾರಿಯಾ’ ಎಂಬ ಕಾಳಿನಷ್ಟು ದುಂಡನೆಯ ಕಪ್ಪು ಗುರುತುಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆಮೇಲಿನದು; ಜೋಳ ಬೆಳೆಯುವ ಎರೆಭೂಮಿ ಅದರ ಪುಡಿ. ಹೈದರಾಬಾದಿನ ರೈಲು ದಾರಿಯಲ್ಲಿ ಸಿಗುವ ವಿಕಾರಾಬಾದಿನ ಕಡೆ ನಸ್ಕಲ್ ಎಂಬ ಊರಿದೆ. ಲಾವಾ ಪದರಗಳ ನಡುವೆ ಅಲ್ಲಿ ದೊರೆತ ಪುಟ್ಟ ಹಲ್ಲುಗಳಿಂದ, ಮೊಲೆಯೂಡುವ ಒಂದು ಚಿಕ್ಕ ಪ್ರಾಣಿಗೆ 1988ರಲ್ಲಿ ‘ಡೆಕ್ಕನೋಲೆಸ್ಟಿಸ್’ ಎಂದು ಹೆಸರಾಯಿತು. ಅದಕ್ಕೂ ಬಹಳ ಈಚಿನದು, ಸುರಪುರ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದು ತೋರಿಸಿದ ಕಲ್ಲಿನ ಆಯುಧಗಳ ನೆಲೆ. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳಿಂದ ಅದಕ್ಕೆ ಸುಮಾರು 12 ಲಕ್ಷ ವರ್ಷವೆಂದು ಲೆಕ್ಕ ಹಾಕಿದ್ದಾರೆ. ನಮ್ಮ ಜಾತಿಯ ಮನುಷ್ಯ ಹುಟ್ಟಿಯೇ ಇರಲಿಲ್ಲ. ಶಹಾಬಾದ್ ಕಲ್ಲನ್ನು ಸೀಳಿದಾಗ ಒಂದೇ ಒಂದು ಕೋಳಿಯ ಎಲುಬು ಹೊರಬಿದ್ದರೆ ಈ ಲೆಕ್ಕವೆಲ್ಲ ಕುಸಿದೀತು. ಎಷ್ಟೋ ಕಾಲದಿಂದ ಸೀಳುತ್ತಲೇ ಇದ್ದಾರೆ. ಬಿದ್ದಿಲ್ಲ.

ಆಯಿತು, ಹಕ್ಕಿ ನೆಂಟನೆಂದು ಒಪ್ಪಿದೆವು. ಆದುದರಿಂದ ಅದಕ್ಕೆ ಕಾಳು ಹಾಕಬೇಕೆಂದು ಹೇಳಬಹುದೆ? ಹಾಗೆ ಹೇಳುವವರಿದ್ದಾರೆ; ಆ ವಾದ ನನಗೆ ಹಿಡಿಸದು. ನೆಂಟಸ್ತಿಕೆಯೊಂದೇ ದಯೆಯನ್ನು ಹುಟ್ಟಿಸುವಂತಿದ್ದರೆ ಕುರುಕ್ಷೇತ್ರ ನಡೆಯುತ್ತಿರಲಿಲ್ಲ, ಅಣ್ಣತಮ್ಮಂದಿರ ಬದುವಿನ ಜಗಳಗಳಿಂದ ನಮ್ಮ ಕೋರ್ಟುಗಳು ತುಂಬುತ್ತಿರಲಿಲ್ಲ. ಹದ್ದೂ ಗುಬ್ಬಿಯೂ ನಮಗಿಂತ ಹತ್ತಿರದ ಬಂಧುಗಳು. ಅಷ್ಟೇಕೆ, ಹಕ್ಕಿ ತಿಂದ ಆ ಜೋಳವೂ ದೂರದ ನೆಂಟನೇ. ಉಣ್ಣುವವನೂ ಉಣಿಸಾಗುವವನೂ ಒಂದೇ ಕುಲವೆಂದ ಮೇಲೆ ಕುಲವನ್ನು ನೋಡಿ ಧರ್ಮವನ್ನು ನಿಶ್ಚಯಿಸುವುದು ಹೇಗೆ? ದಾಸೋಹದ ಪಂಕ್ತಿಯಲ್ಲಿ ವಂಶಾವಳಿ ಕೇಳಿ ಎಲೆ ಹಾಕುವ ಪದ್ಧತಿಯಿಲ್ಲ. ನೆಂಟನೆಂದು ರುಜುವಾತಾದ ಮೇಲೆ ಬಡಿಸುವವನು ಶರಣರಿಗಿಂತ ಒಂದು ಮೆಟ್ಟಿಲು ಕೆಳಗೇ ನಿಂತಿದ್ದಾನೆಂದು ನನಗೆ ತೋರುತ್ತದೆ.

ಆದರೂ ಸಾಕ್ಷ್ಯ ವ್ಯರ್ಥವಲ್ಲ. ಅದು ದಯೆಯನ್ನು ಕಲಿಸದಿದ್ದರೂ ನಿರ್ದಯೆಗಿದ್ದ ಹಳೆಯ ನೆಪವೊಂದನ್ನು ಕಿತ್ತುಕೊಳ್ಳುತ್ತದೆ. ಇವೆಲ್ಲ ನಮಗಾಗಿಯೇ ಸೃಷ್ಟಿಯಾದವು, ನಮ್ಮ ಮಣ್ಣೇ ಬೇರೆ, ಅವುಗಳ ಮಣ್ಣೇ ಬೇರೆ ಎಂಬ ನೆಪ ಅದು. ಇದೇ ನೆಪವನ್ನು ಮನುಷ್ಯರು ಮನುಷ್ಯರ ಮೇಲೆಯೂ ಬಳಸಿದ್ದಾರೆ. ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯವರು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದುಹಾಕಿದಾಗ, ಮಕ್ಕಳ ಹೊರೆ ಇಳಿಯಿತೆಂದು ಕೆಲವರು ಸಮಾಧಾನಪಟ್ಟರು. ಹತ್ತನೆಯದಾದ ಮೇಲೆ ವಿಜ್ಞಾನವನ್ನು ಬಿಡುವ ಮಗು ಈ ವಂಶಾವಳಿಯನ್ನು ಇನ್ನೆಲ್ಲಿ ಓದಬೇಕು?

ಉಳಿದದ್ದು ಕಠಿನವಾದ ಒಂದು ಮಾತು. ಹೋಳಿಯ ಐದನೆಯ ದಿನ ಗುಡಿಯ ಮುಂದೆ ತೇರು ಎಳೆಯುವ ಹೊತ್ತಿಗೆ ಹಿಂಗಾರಿ ಜೋಳದ ರಾಶಿ ಬಹುಮಟ್ಟಿಗೆ ಮುಗಿದಿರುತ್ತದೆ. ಅದಕ್ಕೆ ಮೊದಲು, ತೆನೆ ಹಾಲುಗಟ್ಟಿದಾಗ, ಎರಡೆಕರೆಯ ರೈತನೊಬ್ಬ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ನಿಂತಿರುತ್ತಾನೆ. ಶರಣರು ಹಕ್ಕಿಗೆ ಬಿಟ್ಟುಕೊಟ್ಟದ್ದು ತಮ್ಮ ಹೊಲದ ಕಾಳನ್ನು. ನಾವು ಪಟ್ಟಣದಲ್ಲಿ ಕುಳಿತು ಹಕ್ಕಿಯ ಪಾಲಿನ ಬಗ್ಗೆ ಮಾತನಾಡುವುದು ಅವನ ಹೊಲವನ್ನು ತೋರಿಸಿ. ಜೋಳದ ಧಾರಣೆ ಕಿಲೋಗೆ ಎರಡು ರೂಪಾಯಿ ಏರಿದರೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವವರೂ ನಾವೇ.